ಇಳಿಯದ ಬಲೂನುಗಳು

1969ರ ಮೇ 5ರ ಸಂಜೆ ಲಾಸ್ ಏಂಜಲಿಸ್ ಪಕ್ಕದ ಇಂಗಲ್‌ವುಡ್‌ನಲ್ಲಿ ಫೋರಂ ಎಂಬ ಕ್ರೀಡಾಂಗಣದ ಚಾವಣಿಗೆ ಸಾವಿರಾರು ಬಲೂನುಗಳನ್ನು ಬಲೆಯಲ್ಲಿ ತುಂಬಿ ತೂಗುಹಾಕಿದ್ದರು. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಫೈನಲ್ಸ್‌ನ ಏಳನೆಯ, ಅಂದರೆ ಕಟ್ಟಕಡೆಯ ಪಂದ್ಯ. ಲೇಕರ್ಸ್ ತಂಡದ ಮಾಲೀಕನಿಗೆ ಗೆಲುವಿನ ಬಗ್ಗೆ ಎಷ್ಟು ಭರವಸೆಯೆಂದರೆ, ಗೆದ್ದ ಮೇಲೆ ಏನೇನು ನಡೆಯುತ್ತದೆ ಎಂಬ ಕಾರ್ಯಕ್ರಮ ಪಟ್ಟಿಯನ್ನೇ ಅಚ್ಚು ಹಾಕಿಸಿದ್ದ. ಬಲೂನು ಇಳಿಯುವುದು, ಬ್ಯಾಂಡ್ ನುಡಿಸುವುದು, ಆಟಗಾರರ ಸಂದರ್ಶನ, ಎಲ್ಲವೂ ಅದರಲ್ಲಿತ್ತು. ಆ ಹಾಳೆಯ ಒಂದು ಪ್ರತಿ ಎದುರಾಳಿ ಬೋಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಕೈಗೆ ಸಿಕ್ಕಿತು. ತಂಡದ ಆಟಗಾರನೂ ಕೋಚೂ ಅವನೇ. ಅದನ್ನು ತನ್ನ ಹುಡುಗರಿಗೆ ಓದಿ ಹೇಳಿದ. ಬೇರೆ ಹುರಿದುಂಬಿಸುವ ಮಾತು ಬೇಕಾಗಲಿಲ್ಲ.

ಬೋಸ್ಟನ್ 108, ಲಾಸ್ ಏಂಜಲಿಸ್ 106. ಬಲೂನು ಇಳಿಯಲಿಲ್ಲ.

ಆ ಪಂದ್ಯದಲ್ಲಿ ಲೇಕರ್ಸ್‌ನ ಜೆರಿ ವೆಸ್ಟ್ 42 ಅಂಕ, 13 ರೀಬೌಂಡ್, 12 ಅಸಿಸ್ಟ್ ಗಳಿಸಿದ. ತೊಡೆಯ ಹಿಂಭಾಗದ ಸ್ನಾಯು ಐದನೆಯ ಪಂದ್ಯದಲ್ಲೇ ಎಳೆದುಕೊಂಡಿತ್ತು. ಆ ಕಾಲನ್ನೇ ಎಳೆದುಕೊಂಡು ಆಡಿದ. ಮೂರು ಕ್ವಾರ್ಟರ್ ಮುಗಿದಾಗ ಹದಿನೈದು ಅಂಕ ಹಿಂದಿದ್ದ ತಂಡ ಕೊನೆಯ ನಿಮಿಷಗಳಲ್ಲಿ ಒಂದೇ ಅಂಕದ ಅಂತರಕ್ಕೆ ಬಂತು. ಆಗ ಬೋಸ್ಟನ್‌ನ ಡಾನ್ ನೆಲ್ಸನ್ ಎಸೆದ ಚೆಂಡು ರಿಂಗಿನ ಹಿಂಬದಿಗೆ ಬಡಿದು, ನೆಟ್ಟಗೆ ಮೇಲಕ್ಕೆ ಚಿಮ್ಮಿ, ಮರಳಿ ಬುಟ್ಟಿಯೊಳಗೇ ಬಿತ್ತು. ಫೈನಲ್ಸ್‌ನ ಶ್ರೇಷ್ಠ ಆಟಗಾರ ಎಂಬ ಪ್ರಶಸ್ತಿ ಶುರುವಾದದ್ದು ಅದೇ ವರ್ಷ. ಅದನ್ನು ಕೊಟ್ಟದ್ದು ವೆಸ್ಟ್‌ಗೆ. ಬಹುಮಾನ ಒಂದು ಕಾರು. ಅದರ ಬಣ್ಣ ಹಸಿರು, ಅಂದರೆ ಗೆದ್ದ ಬೋಸ್ಟನ್ನಿನ ಬಣ್ಣ. ಅಂದಿನಿಂದ ಇಂದಿನವರೆಗೆ ಸೋತ ತಂಡದ ಆಟಗಾರನಿಗೆ ಆ ಪ್ರಶಸ್ತಿ ಮತ್ತೆ ಸಿಕ್ಕಿಲ್ಲ.

ನಾನು ಹಳಗನ್ನಡ ಕಾವ್ಯದ ಸಂಶೋಧನಾ ವಿದ್ಯಾರ್ಥಿನಿ. ಹತ್ತನೆಯ ಶತಮಾನದ ಚಂಪೂಕಾವ್ಯಗಳಲ್ಲಿ ಕವಿಗೂ ಅವನಿಗೆ ಅನ್ನ ಹಾಕುವ ದೊರೆಗೂ ಇದ್ದ ಸಂಬಂಧ ಎಂಥದ್ದು ಎನ್ನುವುದು ನನ್ನ ಪಿಎಚ್.ಡಿ. ವಿಷಯ. ಬಾಸ್ಕೆಟ್‌ಬಾಲ್ ನನಗೆ ಅದಕ್ಕಿಂತ ಹಳೆಯ ಹುಚ್ಚು. ಇವೆರಡನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟುಕೊಂಡೇ ಬಹಳ ವರ್ಷ ಬದುಕಿದ್ದೆ. ಎರಡರ ನಡುವಿನ ಬಾಗಿಲು ತೆರೆದದ್ದು ಒಂದು ಸಾಕ್ಷ್ಯಚಿತ್ರ ನೋಡುವಾಗ, ಆಮೇಲೆ ಒಂದು ಪುಸ್ತಕ ಓದುವಾಗ. ಈ ಬರಹ ಅವೆರಡರ ಬಗ್ಗೆ. ಸೋಲನ್ನು ಯಾರು, ಯಾರಿಗಾಗಿ, ಹೇಗೆ ಹೇಳುತ್ತಾರೆ ಎನ್ನುವುದು ನನ್ನ ಪ್ರಶ್ನೆ.

*

ಮೊದಲು ಈ ಪ್ಲೇಆಫ್ ಎಂಬುದರ ಕಟ್ಟೋಣವನ್ನು ನೋಡೋಣ. ಎನ್‌ಬಿಎಯಲ್ಲಿ 30 ತಂಡಗಳಿವೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಒಂದೊಂದು ತಂಡವೂ 82 ಪಂದ್ಯ ಆಡುತ್ತದೆ. ಕೊನೆಗೆ ಪೂರ್ವದಿಂದ ಎಂಟು, ಪಶ್ಚಿಮದಿಂದ ಎಂಟು, ಒಟ್ಟು 16 ತಂಡಗಳು ಪ್ಲೇಆಫ್‌ಗೆ ಬರುತ್ತವೆ. ಅಲ್ಲಿಂದ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಒಂದೇ ಎದುರಾಳಿಯ ಜೊತೆ ಏಳು ಪಂದ್ಯಗಳವರೆಗಿನ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಪಟ್ಟಕ್ಕೆ 16 ಗೆಲುವು ಬೇಕು.

ಇದರಲ್ಲಿ ಒಂದು ವಿಚಿತ್ರವಿದೆ. ಪ್ಲೇಆಫ್‌ಗೆ ಬರಲಾಗದ ತಂಡ ತನ್ನ ಕೊನೆಯ ಪಂದ್ಯವನ್ನು ಗೆದ್ದು, ನಗುತ್ತಾ ಮನೆಗೆ ಹೋಗಬಹುದು. ಪ್ಲೇಆಫ್‌ಗೆ ಬಂದ ತಂಡಕ್ಕೆ ಆ ಅವಕಾಶವಿಲ್ಲ. ಹದಿನಾರರಲ್ಲಿ ಹದಿನೈದು ತಂಡಗಳ ವರ್ಷ ಸೋಲಿನಿಂದಲೇ ಮುಗಿಯಬೇಕು. ಮೂರನೆಯ ಸ್ಥಾನಕ್ಕೆ ಪಂದ್ಯವಿಲ್ಲ, ಸಮಾಧಾನಕರ ಬಹುಮಾನವಿಲ್ಲ. ಚೆನ್ನಾಗಿ ಆಡಿದವರಿಗೇ ಸೋಲು ಖಾತ್ರಿ ಮಾಡುವ ಏರ್ಪಾಡು ಇದು. ಗೆದ್ದವರ ಹಬ್ಬ ಎಂದು ನಾವು ನೋಡುವುದು ಅಂಕಿಯ ಲೆಕ್ಕದಲ್ಲಿ ಸೋತವರ ಜಾತ್ರೆ.

ಎರಡನೆಯ ಮಾತು, ಸರಣಿ ಎನ್ನುವ ರೂಪದ್ದು. ಒಂದೇ ಪಂದ್ಯದಲ್ಲಿ ತೀರ್ಮಾನವಾಗುವ ಆಟದಲ್ಲಿ ಅದೃಷ್ಟಕ್ಕೆ ದೊಡ್ಡ ಜಾಗವಿದೆ. ಎರಡು ವಾರ ಅದೇ ಹತ್ತು ಹದಿನೈದು ಮಂದಿ ಎದುರುಬದುರಾದರೆ ಅದು ಆಟದಷ್ಟೇ ಓದೂ ಆಗುತ್ತದೆ. ಮೊದಲ ಪಂದ್ಯದಲ್ಲಿ ಮುಚ್ಚಿಟ್ಟ ದೌರ್ಬಲ್ಯವನ್ನು ಮೂರನೆಯ ಪಂದ್ಯದೊಳಗೆ ಎದುರಾಳಿ ಕಂಡುಹಿಡಿದಿರುತ್ತಾನೆ. 2015ರ ಫೈನಲ್ಸ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎರಡು–ಒಂದರಿಂದ ಹಿಂದಿದ್ದಾಗ, ಕೋಚ್ ಸ್ಟೀವ್ ಕರ್ ತನ್ನ ಎತ್ತರದ ಸೆಂಟರನ್ನು ಕೂರಿಸಿ ಆಂಡ್ರೆ ಇಗ್ವಡಾಲನನ್ನು ಮೊದಲ ಐವರಲ್ಲಿ ಇಳಿಸಿದ. ಈ ಉಪಾಯ ಬಂದದ್ದು ಹಳೆಯ ಪಂದ್ಯಗಳ ವಿಡಿಯೋ ನೋಡುತ್ತಾ ಕೂತಿದ್ದ ಒಬ್ಬ ಕಿರಿಯ ಸಹಾಯಕನಿಂದ. ಸರಣಿ ಅಲ್ಲಿಗೆ ತಿರುಗಿತು. ಹಸ್ತಪ್ರತಿಯನ್ನು ಮತ್ತೆ ಮತ್ತೆ ಓದಿ ಒಂದು ಪಾಠಾಂತರ ಹಿಡಿದವರಿಗೆ ಆ ಸಹಾಯಕನ ಖುಷಿ ಗೊತ್ತಿರುತ್ತದೆ.

ಹಾಗಾಗಿ ಸರಣಿಯಲ್ಲಿ ಸೋತವನು ಎಂದರೆ ಪೂರ್ತಿಯಾಗಿ ಓದಿಸಿಕೊಂಡವನು. ಅವನ ಬಗ್ಗೆ ಇನ್ನು ಯಾವ ಗುಟ್ಟೂ ಉಳಿದಿಲ್ಲ. ಗೆದ್ದವನಿಗಿಂತ ಸೋತವನ ಆಟವೇ ನಮಗೆ ಹೆಚ್ಚು ಸ್ಪಷ್ಟವಾಗಿ ಕಾಣಬೇಕಿತ್ತು. ಹಾಗೆ ಆಗುವುದಿಲ್ಲ. ಬಜರ್ ಕೂಗಿದ ಕೂಡಲೇ ಕ್ಯಾಮೆರಾ ತಿರುಗಿಬಿಡುತ್ತದೆ.

*

‘ದಿ ಲಾಸ್ಟ್ ಡಾನ್ಸ್’ ಹತ್ತು ಕಂತುಗಳ ಸಾಕ್ಷ್ಯಚಿತ್ರ. ನಿರ್ದೇಶಕ ಜೇಸನ್ ಹೇಯರ್. 2020ರ ಏಪ್ರಿಲ್–ಮೇ ತಿಂಗಳಲ್ಲಿ, ಜಗತ್ತಿನ ಎಲ್ಲ ಕ್ರೀಡಾಂಗಣಗಳೂ ಬೀಗ ಹಾಕಿಕೊಂಡಿದ್ದಾಗ ಪ್ರಸಾರವಾಯಿತು. ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಬಂದಿದ್ದ ನಾನು ಅದನ್ನು ಅಟ್ಟದ ಮೇಲೆ ಸಿಗ್ನಲ್ ಸಿಗುವ ಮೂಲೆಯಲ್ಲಿ ಕೂತು ನೋಡಿದೆ. 1997–98ರ ಋತುವಿನಲ್ಲಿ ಶಿಕಾಗೊ ಬುಲ್ಸ್ ತನ್ನ ಆರನೆಯ ಪಟ್ಟಕ್ಕೆ ಹೊರಟಾಗ ಒಂದು ಕ್ಯಾಮೆರಾ ತಂಡಕ್ಕೆ ಒಳಗೆಲ್ಲ ಓಡಾಡಲು ಬಿಟ್ಟಿದ್ದರು. ಸುಮಾರು 500 ಗಂಟೆಗಳ ಆ ಚಿತ್ರೀಕರಣ ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿತ್ತು. ಅದನ್ನು ಬಳಸಲು ಮೈಕೆಲ್ ಜೋರ್ಡನ್‌ನ ಒಪ್ಪಿಗೆ ಬೇಕಿತ್ತು.

ನೋಡುತ್ತಿದ್ದಂತೆ ನನಗೆ ಬೆರಗಾದದ್ದು ಅದರ ಕಥನಕ್ರಮ. 1998ರ ಕೊನೆಯ ಋತುವಿನ ಮೇಲೆ ನಿಂತು, ಅಲ್ಲಿಂದ ಹಿಂದಕ್ಕೆ ತಿರುಗಿ 1984, 1991, 1993, ಮತ್ತೆ ಮುಂದಕ್ಕೆ. ಇದು ನಮಗೆ ಹೊಸದಲ್ಲ. ರನ್ನ ‘ಗದಾಯುದ್ಧ’ವನ್ನು ಕಟ್ಟಿರುವುದು ಹೀಗೆಯೇ. ಹದಿನೆಂಟನೆಯ ದಿನದ ಮೇಲೆ ನಿಂತು ಇಡೀ ಭಾರತವನ್ನು ಹಿಂತಿರುಗಿ ನೋಡುವ ಆ ಕ್ರಮಕ್ಕೆ ನಮ್ಮ ಪರಂಪರೆ ಸಿಂಹಾವಲೋಕನ ಎಂದು ಹೆಸರಿಟ್ಟಿದೆ. ಸಿಂಹ ಹಿಂದಿರುಗಿ ನೋಡುವ ಹಾಗೆ. ನೋಡುವುದು ಸಿಂಹವೇ, ಗೆದ್ದ ಪ್ರಾಣಿಯೇ ಎಂಬುದನ್ನು ಗಮನಿಸಬೇಕು.

ಹೋಲಿಕೆ ಇಲ್ಲಿಗೆ ನಿಲ್ಲುವುದಿಲ್ಲ. ರನ್ನನ ಕಾವ್ಯವೂ ಗೆದ್ದವನಿಗಾಗಿ ಬರೆದದ್ದು. ಚಾಳುಕ್ಯ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ, ಕೃತಿಗೆ ‘ಸಾಹಸಭೀಮ ವಿಜಯಂ’ ಎಂದೇ ಹೆಸರಿಟ್ಟು, ಕೊನೆಗೆ ಧರ್ಮರಾಯನನ್ನು ಪಕ್ಕಕ್ಕಿಟ್ಟು ಭೀಮನಿಗೇ ಪಟ್ಟ ಕಟ್ಟುತ್ತಾನೆ. ಅನ್ನದ ಋಣ ಅಷ್ಟರಮಟ್ಟಿಗೆ ತೀರಿಸಲೇಬೇಕಿತ್ತು. ‘ದಿ ಲಾಸ್ಟ್ ಡಾನ್ಸ್’ ತಯಾರಿಕೆಯಲ್ಲೂ ಜೋರ್ಡನ್‌ನ ಸ್ವಂತ ಸಂಸ್ಥೆಗೆ ಪಾಲಿತ್ತು. ಇದು ಪತ್ರಿಕೋದ್ಯಮವಲ್ಲ ಎಂದು ಕೆನ್ ಬರ್ನ್ಸ್ ಅವರಂಥ ಹಿರಿಯ ಸಾಕ್ಷ್ಯಚಿತ್ರಕಾರರು ಆಕ್ಷೇಪಿಸಿದ್ದರು. ನನಗೆ ಆ ಆಕ್ಷೇಪ ಅಷ್ಟು ದೊಡ್ಡದೆನ್ನಿಸಲಿಲ್ಲ. ಆಶ್ರಯದಾತನಿದ್ದ ಮಾತ್ರಕ್ಕೆ ಕೃತಿ ಕೆಡುವುದಾದರೆ ಹಳಗನ್ನಡದ ಅರ್ಧ ಸಾಹಿತ್ಯ ಹೋಗುತ್ತದೆ. ದೊರೆಯ ಆಸ್ಥಾನದಲ್ಲಿ ಕೂತ ಕವಿಯ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳಬೇಕು.

ರನ್ನನ ಕಣ್ಣು ದುರ್ಯೋಧನನ ಕಡೆಗೆ ಹೋಯಿತು. ಸಂಜಯನ ಜೊತೆ ಭೀಷ್ಮರ ಶರಶಯ್ಯೆಯ ಕಡೆಗೆ ನಡೆಯುತ್ತಾ, ಹೆಣಗಳ ನಡುವೆ ದಾರಿ ಮಾಡಿಕೊಳ್ಳುತ್ತಾ, ದ್ರೋಣನನ್ನು, ಮಗ ಲಕ್ಷಣನನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರಾಗಿ ಕಂಡು ಅಳುವ ದುರ್ಯೋಧನ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಇಂಥ ಸಾವು ನನಗೂ ಬರಲಿ ಎಂದು ಕೈಮುಗಿಯುವ ದುರ್ಯೋಧನ. ಬಿ.ಎಂ.ಶ್ರೀಯವರು ಈ ಕಾವ್ಯದಲ್ಲಿ ದುರಂತ ನಾಯಕನನ್ನು ಕಂಡದ್ದು, ಅದನ್ನು ನಾಟಕವಾಗಿ ಜೋಡಿಸಿದ್ದು ಇದಕ್ಕಾಗಿಯೇ. ಹೆಸರು ಭೀಮನದು, ಕಾವ್ಯ ದುರ್ಯೋಧನನದು.

ಹೇಯರ್‌ನ ಕಣ್ಣು ಎಲ್ಲೂ ಹೋಗುವುದಿಲ್ಲ. ಜೋರ್ಡನ್‌ನ ಮುಖದ ಮೇಲೇ ನಿಲ್ಲುತ್ತದೆ. ಸೋತವರು ಬರುತ್ತಾರೆ, ಮಾತನಾಡುತ್ತಾರೆ. ಆದರೆ ಅವರ ಮಾತನ್ನು ಒಂದು ಟ್ಯಾಬ್ಲೆಟ್‌ನಲ್ಲಿ ಹಾಕಿ ಜೋರ್ಡನ್ ಕೈಗೆ ಕೊಡುತ್ತಾರೆ. ಅವನು ನೋಡಿ ನಗುತ್ತಾನೆ. ನಾವು ಅವನ ನಗುವನ್ನು ನೋಡುತ್ತೇವೆ. ಅತ್ಯಂತ ಜನಪ್ರಿಯವಾದ ಉದಾಹರಣೆ ಗ್ಯಾರಿ ಪೇಟನ್‌ನದು. 1996ರ ಫೈನಲ್ಸ್‌ನಲ್ಲಿ ತಾನು ಜೋರ್ಡನ್‌ನನ್ನು ಕಾವಲು ಕಾಯಲು ಶುರುಮಾಡಿದ ಮೇಲೆ ಅವನು ದಣಿದ ಎನ್ನುತ್ತಾನೆ ಪೇಟನ್. ಜೋರ್ಡನ್ ತಲೆ ಹಿಂದಕ್ಕೆ ಹಾಕಿ ಗಹಗಹಿಸುತ್ತಾನೆ. ಆ ನಗು ಜಗತ್ತಿನಾದ್ಯಂತ ಮೀಮ್ ಆಯಿತು.

ಈಗ ಆ ಸರಣಿಯನ್ನೇ ತೆಗೆದು ನೋಡಿ. ಬುಲ್ಸ್ ಮೊದಲ ಮೂರು ಪಂದ್ಯ ಗೆದ್ದಿತ್ತು. ನಾಲ್ಕನೆಯ ಪಂದ್ಯದಿಂದ ಪೇಟನ್ ಜೋರ್ಡನ್‌ನ ಹಿಂದೆ ಬಿದ್ದ. ನಾಲ್ಕನ್ನೂ ಐದನ್ನೂ ಸಿಯಾಟಲ್ ಗೆದ್ದಿತು, ಜೋರ್ಡನ್‌ನ ಅಂಕಗಳೂ ಇಳಿದವು. ಆರನೆಯದರಲ್ಲಿ ಬುಲ್ಸ್ ಪಟ್ಟ ಗೆದ್ದಿತು ನಿಜ. ಹಾಗೆಂದು ಪೇಟನ್ ಹೇಳಿದ್ದು ಸುಳ್ಳಾಗುವುದಿಲ್ಲ. ಸರಣಿಯಲ್ಲಿ ಅವನ ಮಾತಿಗೆ ಸಾಕ್ಷಿಯಿದೆ. ಸಾಕ್ಷ್ಯಚಿತ್ರ ಆ ಸಾಕ್ಷಿಯನ್ನು ನಗುವಿನಡಿ ಮುಚ್ಚಿಹಾಕುತ್ತದೆ. ಇದು ಆಶ್ರಯದಾತನ ತಪ್ಪಲ್ಲ, ಕವಿಯದು.

ಚಿತ್ರಕ್ಕೆ ಅನ್ಯಾಯ ಮಾಡಬಾರದು. ಏಳನೆಯ ಕಂತಿನ ಕೊನೆಗೆ, ಸಹಆಟಗಾರರನ್ನು ಅಷ್ಟು ಕಠಿಣವಾಗಿ ನಡೆಸಿಕೊಂಡದ್ದರ ಬಗ್ಗೆ ಮಾತನಾಡುತ್ತಾ ಜೋರ್ಡನ್‌ಗೆ ಗಂಟಲು ಕಟ್ಟುತ್ತದೆ, ಅವನು ಚಿತ್ರೀಕರಣ ನಿಲ್ಲಿಸುತ್ತಾನೆ. ಹತ್ತು ಗಂಟೆಗಳಲ್ಲಿ ಅದೊಂದೇ ಕ್ಷಣ ಗೆಲುವಿಗೆ ತೆತ್ತ ಬೆಲೆ ಕಾಣುತ್ತದೆ. ಮುಂದಿನ ಕಂತಿನಲ್ಲಿ ಮತ್ತೆ ಮೆರವಣಿಗೆ. 1998ರ ಆರನೆಯ ಪಂದ್ಯದಲ್ಲಿ ಯೂಟಾ ಜಾಜ್‌ನ ಕಾರ್ಲ್ ಮಲೋನ್ ಕೈಯಿಂದ ಚೆಂಡು ಕಿತ್ತು, 5.2 ಸೆಕೆಂಡ್ ಉಳಿದಿರುವಾಗ ಎಸೆದು, 87–86ರಲ್ಲಿ ಪಟ್ಟ ಗೆದ್ದ ದೃಶ್ಯ. ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ. ಆದರೆ ಮಲೋನ್ ಮತ್ತು ಸ್ಟಾಕ್ಟನ್ ಇಬ್ಬರೂ ಪಟ್ಟವಿಲ್ಲದೆ ಆಟ ಮುಗಿಸಿದರು ಎಂಬ ಕಥೆಯ ವೈಶಂಪಾಯನ ಸರೋವರದೊಳಕ್ಕೆ ಈ ಚಿತ್ರ ಇಳಿಯುವುದೇ ಇಲ್ಲ.

*

ಜೆರಿ ವೆಸ್ಟ್‌ನ ಆತ್ಮಕಥೆ ‘ವೆಸ್ಟ್ ಬೈ ವೆಸ್ಟ್’ 2011ರಲ್ಲಿ ಬಂತು. ಜೊತೆಯಲ್ಲಿ ಬರೆದವರು ಜೊನಾಥನ್ ಕೋಲ್‌ಮನ್. ‘ದಿ ಲಾಸ್ಟ್ ಡಾನ್ಸ್’ ನೋಡಿದ ಮೇಲೆ, ಅದರ ವಿರುದ್ಧದ ಪಠ್ಯ ಒಂದಿರಬೇಕಲ್ಲ ಎಂದು ಹುಡುಕಿ ಓದಿದ್ದು ಇದು.

ವೆಸ್ಟ್‌ನ ಲೆಕ್ಕ ಹೀಗಿದೆ. 1959ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕಾಗಿ ಆಡಿದಾಗ ರಾಷ್ಟ್ರೀಯ ಕಾಲೇಜು ಫೈನಲ್‌ನಲ್ಲಿ 71–70, ಒಂದೇ ಅಂಕದ ಸೋಲು. ಕೂಟದ ಶ್ರೇಷ್ಠ ಆಟಗಾರ ವೆಸ್ಟ್. ಲೇಕರ್ಸ್ ಸೇರಿದ ಮೇಲೆ 1962, 1963, 1965, 1966, 1968, 1969, ಆರು ಸಲ ಫೈನಲ್ಸ್‌ನಲ್ಲಿ ಬೋಸ್ಟನ್ ಎದುರು ಸೋಲು. 1970ರಲ್ಲಿ ನ್ಯೂಯಾರ್ಕ್ ಎದುರು. ಆ ಸರಣಿಯ ಮೂರನೆಯ ಪಂದ್ಯದಲ್ಲಿ ಸಮಯ ಮುಗಿಯುವ ಹೊತ್ತಿಗೆ ಸುಮಾರು 60 ಅಡಿ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಇಂದಾಗಿದ್ದರೆ ಮೂರು ಅಂಕ, ಗೆಲುವು. ಮೂರು ಅಂಕದ ಗೆರೆ ಎನ್‌ಬಿಎಗೆ ಬಂದದ್ದು 1979ರಲ್ಲಿ. ಹಾಗಾಗಿ ಅದು ಬರೀ ಸಮ, ಹೆಚ್ಚುವರಿ ಸಮಯದಲ್ಲಿ ಸೋಲು. 1972ರಲ್ಲಿ ಕೊನೆಗೂ ಗೆಲುವು ಬಂತು. ಆ ಫೈನಲ್ಸ್‌ನಲ್ಲಿ ತಾನು ಚೆನ್ನಾಗಿ ಆಡಲಿಲ್ಲ ಎಂದು ವೆಸ್ಟ್ ಅದನ್ನೂ ಪೂರ್ತಿ ತನ್ನದೆಂದು ಒಪ್ಪಲಿಲ್ಲ. ಮರುವರ್ಷ ಮತ್ತೆ ಸೋಲು. ಒಂಬತ್ತು ಫೈನಲ್ಸ್, ಒಂದು ಪಟ್ಟ.

ಈ ಪುಸ್ತಕವನ್ನು ಅಪರೂಪದ್ದಾಗಿಸುವುದು ಸೋಲಿನಿಂದ ಪಾಠ ಕಲಿಯಲು ಅದು ಒಪ್ಪದಿರುವುದು. ಕ್ರೀಡಾ ಆತ್ಮಕಥೆಗಳಲ್ಲಿ ಸೋಲು ಯಾವಾಗಲೂ ಮೆಟ್ಟಿಲು. ಇಲ್ಲಿ ಸೋಲು ಮೆಟ್ಟಿಲಲ್ಲ, ಮನೆ. ವೆಸ್ಟ್ ವರ್ಜೀನಿಯಾದ ಬಡ ಊರಿನಲ್ಲಿ ಹುಟ್ಟಿದ ಹುಡುಗ. ಹೊಡೆಯುವ ಅಪ್ಪ. ಹದಿಮೂರನೆಯ ವಯಸ್ಸಿಗೆ, ತಾನು ಆರಾಧಿಸುತ್ತಿದ್ದ ಅಣ್ಣ ಡೇವಿಡ್ ಕೊರಿಯಾ ಯುದ್ಧದಲ್ಲಿ ಸತ್ತ ಸುದ್ದಿ. ಜೀವನವಿಡೀ ಬೆನ್ನಿಗಿದ್ದ ಖಿನ್ನತೆ. ನಂತರ ಲೇಕರ್ಸ್‌ನ ವ್ಯವಸ್ಥಾಪಕನಾಗಿ ಶಕೀಲ್ ಓನೀಲ್, ಕೋಬಿ ಬ್ರಯಂಟ್‌ರನ್ನು ಒಂದೇ ಬೇಸಿಗೆಯಲ್ಲಿ ತಂದವನು ಇವನೇ. ಆದರೆ ದೊಡ್ಡ ಪಂದ್ಯ ನಡೆಯುವಾಗ ಅಂಗಣದಲ್ಲಿ ಕೂರಲಾರದೆ ಎದ್ದು ಹೋಗಿ ಕಾರಿನಲ್ಲಿ ಊರು ಸುತ್ತುತ್ತಿದ್ದ. ತಾನೇ ಕಟ್ಟಿದ ತಂಡ ಗೆಲ್ಲುವುದನ್ನೂ ನೋಡಲಾರದ ಮನುಷ್ಯ.

ಪುಸ್ತಕ ಹೇಳಿದ್ದನ್ನೇ ಹೇಳುತ್ತದೆ, ಎಲ್ಲಿಂದಲೋ ಎಲ್ಲಿಗೋ ಜಿಗಿಯುತ್ತದೆ. ಮೊದಲ ಓದಿನಲ್ಲಿ ಇದು ನನಗೆ ದೋಷವೆನ್ನಿಸಿತು. ಎರಡನೆಯ ಓದಿನಲ್ಲಿ ಹಾಗನ್ನಿಸಲಿಲ್ಲ. ಗಾಯ ನೆನಪಾಗುವುದು ಹಾಗೆಯೇ, ಕಾಲಕ್ರಮದಲ್ಲಲ್ಲ. ಇಂದು ಎನ್‌ಬಿಎ ಲಾಂಛನದಲ್ಲಿರುವ, ಚೆಂಡು ಹಿಡಿದು ಓಡುವ ಬಿಳಿಯ ಆಕೃತಿ ವೆಸ್ಟ್‌ನ ಫೋಟೋ ನೋಡಿ ಬರೆದದ್ದೆಂದು ಅದರ ವಿನ್ಯಾಸಕಾರ ಅಲನ್ ಸೀಗಲ್ ಹೇಳಿದ್ದಾರೆ. ಲೀಗ್ ಅದನ್ನು ಅಧಿಕೃತವಾಗಿ ಒಪ್ಪಿಲ್ಲ. ಗೆಲುವನ್ನು ಮಾರುವ ಲೀಗಿನ ಎದೆಯ ಮೇಲೆ ಸೋತವನ ಚಿತ್ರ. ಇದನ್ನು ಓದಿದ ದಿನ ನನಗೆ ನನ್ನ ದುರ್ಯೋಧನ ಸಿಕ್ಕಿದನೆಂದು ಕುಣಿದಿದ್ದೆ. ಗೆದ್ದವನ ಸಾಕ್ಷ್ಯಚಿತ್ರ, ಸೋತವನ ಆತ್ಮಕಥೆ. ಲೇಖನ ಇಲ್ಲಿಗೇ ಮುಗಿಯಬೇಕಿತ್ತು.

*

ಮುಗಿಯಲಿಲ್ಲ. ಏಕೆಂದರೆ ವೆಸ್ಟ್‌ನ ಸೋಲಿನ ಪಟ್ಟಿಯನ್ನು ಬರೆದುಕೊಳ್ಳುವಾಗ ಪಕ್ಕದಲ್ಲಿ ಇನ್ನೊಂದು ಹೆಸರು ಮತ್ತೆ ಮತ್ತೆ ಬರುತ್ತಿತ್ತು: ಎಲ್ಜಿನ್ ಬೇಲರ್.

ಬೇಲರ್ ಲೇಕರ್ಸ್‌ಗೆ ಬಂದದ್ದು ವೆಸ್ಟ್‌ಗಿಂತ ಎರಡು ವರ್ಷ ಮೊದಲು. 1958ರಲ್ಲಿ ಅವನ ಸಿಯಾಟಲ್ ವಿಶ್ವವಿದ್ಯಾಲಯ ಕಾಲೇಜು ಫೈನಲ್‌ನಲ್ಲಿ ಸೋತಿತು, ಕೂಟದ ಶ್ರೇಷ್ಠ ಆಟಗಾರ ಬೇಲರ್. ವೆಸ್ಟ್‌ಗೆ ಆದದ್ದು ಒಂದು ವರ್ಷ ಮೊದಲೇ ಇವನಿಗಾಗಿತ್ತು. 1962ರ ಫೈನಲ್ಸ್‌ನ ಐದನೆಯ ಪಂದ್ಯದಲ್ಲಿ ಬೇಲರ್ ಗಳಿಸಿದ 61 ಅಂಕ ಇವತ್ತಿಗೂ ಫೈನಲ್ಸ್ ದಾಖಲೆ. ಆ ವರ್ಷ ಅವನು ಸೇನೆಯ ಕರ್ತವ್ಯದಲ್ಲಿದ್ದು, ರಜೆ ಸಿಕ್ಕಾಗ ಬಂದು ಆಡುತ್ತಿದ್ದ. ಎಂಟು ಸಲ ಫೈನಲ್ಸ್ ಆಡಿದ, ಎಂಟೂ ಸೋತ. 1971ರ ನವೆಂಬರ್‌ನಲ್ಲಿ, ಮಂಡಿ ಕೈಕೊಟ್ಟು, ಋತುವಿನ ಒಂಬತ್ತು ಪಂದ್ಯ ಆಡಿ ನಿವೃತ್ತನಾದ. ಅದರ ಮರುಪಂದ್ಯದಿಂದ ಲೇಕರ್ಸ್ ಸತತ 33 ಗೆದ್ದಿತು. ಆ ವರ್ಷವೇ ಪಟ್ಟ.

ಇದಕ್ಕಿಂತ ದೊಡ್ಡ ಸೋಲು ಯಾವುದಿದೆ? ಆದರೆ ಲಾಂಛನ ಅವನದಲ್ಲ. ಶ್ರೇಷ್ಠ ಸೋತವನೆಂಬ ಪಟ್ಟವೂ ಅವನದಲ್ಲ.

1959ರ ಜನವರಿಯಲ್ಲಿ ಲೇಕರ್ಸ್ ಒಂದು ಪಂದ್ಯಕ್ಕೆಂದು ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್‌ಗೆ ಹೋಗಿತ್ತು. ಕರಿಯ ಆಟಗಾರರಿಗೆ ಹೋಟೆಲಿನಲ್ಲಿ ಕೋಣೆ ಕೊಡಲಿಲ್ಲ. ಬೇಲರ್ ಆ ಪಂದ್ಯ ಆಡಲಿಲ್ಲ. ತನ್ನ ಬಟ್ಟೆಯಲ್ಲೇ ಬೆಂಚಿನಲ್ಲಿ ಕೂತ. ಇಪ್ಪತ್ತನಾಲ್ಕು ವರ್ಷದ, ಲೀಗಿಗೆ ಹೊಸಬನಾದ ಹುಡುಗ. ಅದೇ ರಾಜ್ಯ, ಅದೇ ಚಳಿಗಾಲದಲ್ಲಿ, ಒಂದು ಅಂಕದಿಂದ ಸೋಲಲಿದ್ದ ಬಿಳಿಯ ಹುಡುಗನನ್ನು ತನ್ನ ಮಗನೆಂದು ತಲೆಯ ಮೇಲೆ ಹೊತ್ತುಕೊಂಡಿತ್ತು. ಇದು ವೆಸ್ಟ್‌ನ ತಪ್ಪಲ್ಲ. ಬೇಲರ್ ಬಗ್ಗೆ ಅವನಿಗೆ ಅಪಾರ ಗೌರವವಿತ್ತು, ಅದನ್ನು ಬದುಕಿನುದ್ದಕ್ಕೂ ಹೇಳಿದ. ತಪ್ಪು ನನ್ನ ಓದಿನದು. ಗೆದ್ದವರು ಇತಿಹಾಸ ಬರೆಯುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಸೋತವರೊಳಗೂ ಯಾರ ಸೋಲಿಗೆ ಕಥೆಯಾಗುವ ಯೋಗ್ಯತೆ ಎಂಬುದಕ್ಕೆ ಒಂದು ಶ್ರೇಣಿ ಇದೆ ಎಂಬುದನ್ನು ನಾನು ಕೇಳಿಕೊಂಡಿರಲಿಲ್ಲ. ಬೇಲರ್‌ನ ಆತ್ಮಕಥೆ ‘ಹ್ಯಾಂಗ್ ಟೈಮ್’ ಬಂದದ್ದು 2018ರಲ್ಲಿ, ಅವನಿಗೆ ಎಂಬತ್ತು ದಾಟಿದ ಮೇಲೆ. ನಾನು ಅದನ್ನು ತೆರೆದದ್ದು ವೆಸ್ಟ್‌ನದನ್ನು ಎರಡು ಸಲ ಓದಿ ಮುಗಿಸಿದ ಮೇಲೆ.

ಗೆದ್ದವನ ಕಥೆಯೂ ಹಾಗೇ ಸರಳವಲ್ಲ. 13 ವರ್ಷಗಳಲ್ಲಿ 11 ಪಟ್ಟ ಗೆದ್ದ ಬಿಲ್ ರಸೆಲ್‌ನ ಮನೆಗೆ ನುಗ್ಗಿ ಗಲೀಜು ಮಾಡಿದ್ದು ಬೋಸ್ಟನ್ ಪಕ್ಕದ ಊರಿನ ಜನವೇ. ಆ ರಸೆಲ್ 1971ರಲ್ಲಿ, ಆಟ ಬಿಟ್ಟ ಮೇಲೆ, ಜೆರಿ ವೆಸ್ಟ್ ಸನ್ಮಾನದ ರಾತ್ರಿಗೆ ತನ್ನ ಸ್ವಂತ ಖರ್ಚಿನಲ್ಲಿ ಲಾಸ್ ಏಂಜಲಿಸ್‌ಗೆ ಬಂದು, ತಾನು ಆರು ಸಲ ಸೋಲಿಸಿದವನಿಗೆ ಸುಖವನ್ನು ಹಾರೈಸಿದ. ಅಭಿಮನ್ಯುವಿನ ಮುಂದೆ ನಿಂತ ದುರ್ಯೋಧನನಿಗೆ ಸಮನಾದ ದೃಶ್ಯ ಈ ಆಟದಲ್ಲಿದ್ದರೆ ಅದು ಇದು. ಅದು ಯಾವ ಸಾಕ್ಷ್ಯಚಿತ್ರದ ಕೊನೆಯ ಕಂತೂ ಅಲ್ಲ.

ಈಗ ಮತ್ತೆ ರನ್ನನನ್ನು ಓದಿದರೆ ಇನ್ನೊಂದು ಕಾಣುತ್ತದೆ. ದುರ್ಯೋಧನ ಅಳುವುದು ಹೆಸರಿದ್ದವರ ಮುಂದೆ. ಆ ಮುಖಗಳ ನಡುವಿನ ದಾರಿಯಲ್ಲಿ ಅವನು ದಾಟಿಕೊಂಡು ಹೋಗುವ ಹೆಣಗಳಿಗೆ ಹೆಸರಿಲ್ಲ. ಸೋತವನನ್ನು ನಾಯಕನಾಗಿಸಿದ ಕವಿಗೂ ಅಷ್ಟು ದೂರ ಹೋಗಲಾಗಲಿಲ್ಲ. ನನ್ನ ಪ್ರಬಂಧದ ಮೂರನೆಯ ಅಧ್ಯಾಯವನ್ನು ಈಗ ತಿದ್ದುತ್ತಿದ್ದೇನೆ.

*

2016ರ ಜೂನ್ 20ರ ಬೆಳಗಿನ ಜಾವ ಐದೂವರೆ. ಅಮೆರಿಕದಲ್ಲಿ ಅದು 19ರ ಭಾನುವಾರ ಸಂಜೆ. ನಾನಾಗ ಬಿ.ಎ. ಎರಡನೆಯ ವರ್ಷ. ನಮ್ಮ ಕಾಲೇಜು ತಂಡದ ಕ್ಯಾಪ್ಟನ್ ಅಕ್ಕ ವಾಚ್‌ಮನ್ ಅಣ್ಣನನ್ನು ಪುಸಲಾಯಿಸಿ ಕ್ರೀಡಾ ವಿಭಾಗದ ಕೋಣೆಯ ಬೀಗದ ಕೈ ಇಸಿದುಕೊಂಡಿದ್ದಳು. ಅಲ್ಲಿದ್ದ ಟೀವಿಯ ಮುಂದೆ ನಾವು ಆರು ಹುಡುಗಿಯರು.

ಋತುವಿನಲ್ಲಿ 73 ಪಂದ್ಯ ಗೆದ್ದು ಜೋರ್ಡನ್‌ನ ಬುಲ್ಸ್ ದಾಖಲೆ ಮುರಿದಿದ್ದ ವಾರಿಯರ್ಸ್ ಒಂದು ಕಡೆ. ಮೂರು–ಒಂದರಿಂದ ಹಿಂದಿದ್ದು ಸಮ ಮಾಡಿಕೊಂಡಿದ್ದ ಕ್ಲೀವ್‌ಲ್ಯಾಂಡ್ ಇನ್ನೊಂದು ಕಡೆ. 89–89ರಲ್ಲಿ ಮೂರೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಯಾರಿಗೂ ಅಂಕ ಬರಲಿಲ್ಲ. ಲೆಬ್ರಾನ್ ಜೇಮ್ಸ್ ಹಿಂದಿನಿಂದ ಓಡಿ ಬಂದು ಇಗ್ವಡಾಲನ ಚೆಂಡನ್ನು ಬೋರ್ಡಿಗೆ ಬಡಿದ. 53 ಸೆಕೆಂಡ್ ಇರುವಾಗ ಕೈರಿ ಅರ್ವಿಂಗ್ ಎದುರಿಗೆ ಸ್ಟೆಫ್ ಕರ್ರಿ ಬರುವಂತೆ ಮಾಡಿ, ಅವನ ತಲೆಯ ಮೇಲಿಂದ ಮೂರು ಅಂಕ ಎಸೆದ. ಕರ್ರಿಯನ್ನು ಕಾವಲಿಗೆ ಎಳೆಯಬೇಕು ಎಂಬುದು ಆ ಸರಣಿಯ ಆರು ಪಂದ್ಯಗಳ ಓದಿನಿಂದ ಬಂದದ್ದು. 93–89. ಕ್ಲೀವ್‌ಲ್ಯಾಂಡ್ ಊರಿಗೆ 52 ವರ್ಷಗಳ ನಂತರ ಒಂದು ಪಟ್ಟ. ಸೋತ ಕಡೆಯ ಡ್ರೇಮಂಡ್ ಗ್ರೀನ್ ಆ ದಿನ 32 ಅಂಕ, 15 ರೀಬೌಂಡ್, 9 ಅಸಿಸ್ಟ್ ಗಳಿಸಿದ್ದ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ವಾರಿಯರ್ಸ್ ಆಡಳಿತ ಮಂಡಳಿಯಲ್ಲಿ ಜೆರಿ ವೆಸ್ಟ್ ಇದ್ದ, ಅಂದರೆ 78ರ ವಯಸ್ಸಿನಲ್ಲಿ ಮತ್ತೊಂದು ಏಳನೆಯ ಪಂದ್ಯ ಸೋತ ಎಂಬುದೂ ಆಮೇಲೆಯೇ. ಕ್ಲೀವ್‌ಲ್ಯಾಂಡಿನಲ್ಲಿ ವಿಜಯದ ಮೆರವಣಿಗೆ ಹೊರಟ ದಿನವೇ ಜೋರ್ಡನ್ ತನ್ನ ಹಳೆಯ ಚಿತ್ರೀಕರಣ ಬಳಸಲು ಒಪ್ಪಿಗೆ ಕೊಟ್ಟ. ಗೆದ್ದವರಿಗೂ ತಮ್ಮ ಗೆಲುವು ಮರೆತುಹೋಗುವ ಭಯವಿರುತ್ತದೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಅಂತರಕಾಲೇಜು ಫೈನಲ್. ಕೊನೆಯ ಸೆಕೆಂಡುಗಳಲ್ಲಿ ನನಗೆ ಎರಡು ಫ್ರೀ ಥ್ರೋ ಸಿಕ್ಕವು. ಎರಡೂ ಹೋದವು. ಒಂದು ಅಂಕದಿಂದ ಸೋತೆವು. ಮರುವರ್ಷ ನಾವು ಗೆದ್ದೆವು. ಕಾಲೇಜಿನ ಕಾರಿಡಾರ್‌ನಲ್ಲಿ ಕಪ್ ಹಿಡಿದು ನಿಂತ ಫೋಟೋದಲ್ಲಿ ನಾನಿದ್ದೇನೆ. ಅಕ್ಕನ ಡಿಗ್ರಿ ಅಷ್ಟರಲ್ಲಿ ಮುಗಿದಿತ್ತು, ಅವಳಿಲ್ಲ. ಹೋದಲ್ಲೆಲ್ಲ ಆ ಎರಡು ಫ್ರೀ ಥ್ರೋಗಳ ಕಥೆ ಹೇಳಿದ್ದೇನೆ. ವೆಸ್ಟ್ ನನಗೆ ಅಷ್ಟು ಹತ್ತಿರದವನೆನ್ನಿಸಲು ಅದೂ ಕಾರಣವಿರಬೇಕು. ಆ ಕಥೆಯಲ್ಲಿ ಅಕ್ಕ ಇರುತ್ತಿರಲಿಲ್ಲ.

ಬೇಲರ್‌ನ ಪುಸ್ತಕ ಮುಗಿಸಿದ ವಾರ ಅವಳಿಗೆ ಫೋನ್ ಮಾಡಿದೆ. ಈಗ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಮಗು ಅಳುವ ಸದ್ದು, ಕುಕ್ಕರ್ ಕೂಗುವ ಸದ್ದು. ಆ ಫೈನಲ್ ನೆನಪಿದೆಯಾ ಅಕ್ಕ, ನಾನು ಎರಡು ಫ್ರೀ ಥ್ರೋ ಬಿಟ್ಟೆನಲ್ಲ ಎಂದೆ.

“ನೀನು ಬಿಟ್ಯಾ? ನಂಗೆ ಗೊತ್ತೇ ಇಲ್ವಲ್ಲೇ. ನಾನಾಗ್ಲೇ ಐದನೇ ಫೌಲ್ ಮಾಡಿ ಹೊರಗೆ ಕೂತಿದ್ದೆ, ಟವೆಲ್ ಮುಖಕ್ಕೆ ಹಾಕ್ಕೊಂಡು. ಆ ಫೌಲ್ ಮಾಡದೆ ಇದ್ದಿದ್ರೆ ಗೆಲ್ತಿದ್ವಿ ಅಂತ ಇವತ್ತಿಗೂ ಅನ್ಕೋತೀನಿ ಕಣೇ.”

ಅವಳಿಗೆ ನಾಲ್ಕು ಫೌಲ್ ಆದಾಗ ಕಾವಲಿನಲ್ಲಿ ನನ್ನನ್ನು ದಾಟಿ ಹೋದ ಹುಡುಗಿಯನ್ನು ತಡೆಯಲು ಹೋಗಿ ಅವಳು ಐದನೆಯದನ್ನು ಮಾಡಿದ್ದು. ಅದು ನನಗೆ ನೆನಪಾದದ್ದು ಫೋನ್ ಇಟ್ಟ ಮೇಲೆ.